ಉಂಟು, ಇರಬಹುದು

ಬೈಕಂಪಾಡಿಯ ಲ್ಯಾಬು. ಬುಧವಾರ.
ಕಿಟಕಿಯಾಚೆ ಲಾರಿಗಳ ಸಾಲು, ಯೂರಿಯಾದ ಗಾಳಿ.
ಮೇಜಿನ ಮೇಲೆ ಒಂದು ಪಾವು ಬೀಜ,
ಮಾದರಿ ಸಂಖ್ಯೆ ನೂರ ಹದಿನೇಳು.
ಕೊತ್ತಂಬರಿಗಿಂತ ಚೂರು ಸಣ್ಣದು,
ಬೂದು ಸಿಪ್ಪೆಯ ಮೇಲೆ ಕಂದು ಗೆರೆ,
ಗುಬ್ಬಿಮೊಟ್ಟೆಯನ್ನು ಬಹಳ ದೂರದಿಂದ ನೋಡಿದ ಹಾಗೆ.

ಅಟೆಂಡರ್ ಬಾಬಣ್ಣ ಚೀಟಿ ಓದಿದವನೇ
ಹೋಗಿ ಬಾಗಿಲು ಹಾಕಿ ಬಂದ.
"ಎಂತ ಮೇಡಂ, ಇದು ಅದೇ ಅಲ್ವಾ?"
ಗಿಡ ಅದೇ. ಇದು ಅದಲ್ಲ.
ಅಮಲು ಕೂತಿರುವುದು ಹೂವಿನ ಅಂಟಿನಲ್ಲಿ,
ಬೀಜಕ್ಕೆ ಆ ಸುದ್ದಿಯೇ ಇಲ್ಲ.
ಸಿಪ್ಪೆಗೆ ತುಸು ತಾಗಿರುತ್ತದೆ, ಅಷ್ಟೆ,
ಮೀನು ಕೊಯ್ದವಳು ಎತ್ತಿಕೊಂಡ ಮಗುವಿನ ಕೆನ್ನೆಗೆ
ಮೀನಿನ ವಾಸನೆ ತಾಗಿದ ಹಾಗೆ.

ಆರು ಗಂಟೆ ಹೆಕ್ಸೇನ್ ಕುದಿಯಿತು.
ಆವಿ ಏರಿತು, ತಣಿಯಿತು, ಹನಿಹನಿ ಇಳಿದು
ಪುಡಿಯನ್ನು ತೊಳೆಯಿತು, ಮತ್ತೆ ಏರಿತು.
ಗಾಜಿನ ತಳದಲ್ಲಿ ಉಳಿದದ್ದು ಹಸಿರೆಣ್ಣೆ,
ತಿಮರೆ ಚಟ್ನಿ ತೊಳೆದ ನೀರಿನ ಬಣ್ಣ.
ನೂರಕ್ಕೆ ಮೂವತ್ತೊಂದು.

ಯಂತ್ರ ಕಾಗದದಲ್ಲಿ ಗುಡ್ಡ ಬರೆಯುತ್ತದೆ:
ಎತ್ತರದ್ದು ಲಿನೋಲಿಕ್, ಐವತ್ತಾರು,
ಅದರಾಚೆ ಆಲ್ಫಾ ಲಿನೋಲೆನಿಕ್, ಹದಿನೆಂಟು,
ಬಂಗುಡೆಯ ಕೊಬ್ಬಿಗೆ ದೂರದ ದಾಯಾದಿ.
ನಡುವೆ ಒಂದು ದಿಬ್ಬ, ಗ್ಯಾಮಾ, ಎರಡೂವರೆ.
ಅದು ನಮ್ಮ ತೆಂಗಿನೆಣ್ಣೆಯಲ್ಲಿ ಇಲ್ಲ.
ಹಿಂಡಿಯಲ್ಲಿ ಪ್ರೋಟೀನು, ಹೆಚ್ಚಿನ ಪಾಲು ಎಡೆಸ್ಟಿನ್;
ಆರ್ಜಿನಿನ್ ಧಾರಾಳ, ಲೈಸಿನ್ ಬಡವು.
ಐನೂರೈವತ್ತು ಡಿಗ್ರಿಯಲ್ಲಿ ಸುಟ್ಟರೆ
ಉಳಿಯುವ ಬೂದಿಯಲ್ಲಿ ರಂಜಕ, ಮೆಗ್ನೀಸಿಯಂ, ಸತು.

ಬೂದಿ ಅಂದರೆ ಅಪ್ಪ.
ಅಬಕಾರಿ ಗಾರ್ಡು. ಹಿಡಿದ ಮಾಲನ್ನು
ಕಚೇರಿಯ ಹಿಂದಿನ ಗುಂಡಿಯಲ್ಲಿ ಸುಡುವ ಕೆಲಸ,
ಕೋಲು ಹಿಡಿದು, ಗಾಳಿಗೆ ಬೆನ್ನು ಮಾಡಿ.
ಆ ದಿನ ಅಮ್ಮ ಅವನನ್ನು ಒಳಗೆ ಬಿಡಳು:
ಬಾವಿಕಟ್ಟೆಯಲ್ಲೇ ಸ್ನಾನ, ಅಲ್ಲೇ ಖಾಕಿ ಒಗೆತ.
ಒಂದು ಮಳೆಗಾಲ ಒಗೆಯುವ ಕಲ್ಲಿನ ಸಂದಿಯಲ್ಲಿ
ಏನೋ ಮೊಳೆತಿತ್ತು.
ಪ್ಯಾಂಟಿನ ಮಡಿಕೆಯಿಂದ ಬಿದ್ದದ್ದಿರಬೇಕು.
ಯಾರೂ ಏಳುವ ಮೊದಲೇ ಕಿತ್ತು,
ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ.
ನಾನು ಎದ್ದಿದ್ದೆ. ಅವನಿಗೆ ಗೊತ್ತಾಗಲಿಲ್ಲ.
ಐವತ್ನಾಲ್ಕಕ್ಕೆ ಹೃದಯ ನಿಂತಿತು,
ಪಣಂಬೂರಿನ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ.

ಸಂಜೆ ಬೆಂದೂರಿನಿಂದ ಐವನ್ ಸೆರಾವೊ ಫೋನು:
"ಪ್ಯಾಕೆಟಿನ ಮೇಲೆ 'ಹೃದಯಕ್ಕೆ ರಕ್ಷೆ ಉಂಟು'
ಅಂತ ಹಾಕಲಾ ಮೇಡಂ?"
ಎಣ್ಣೆ ಉಂಟು. ಪ್ರೋಟೀನು ಉಂಟು. ನಾರು ಉಂಟು.
ಅಲ್ಲಿಗೆ ನನ್ನ ಉಂಟು ಮುಗಿಯಿತು.
ಆಚೆಗೆ ಇಲಿಗಳು, ಮೊಲಗಳು,
ಹನ್ನೆರಡು ವಾರ ನುಂಗಿದ ಕೆಲವೇ ಜನ;
ಕೆಲವರ ರಕ್ತದೊತ್ತಡ ಚೂರು ಇಳಿಯಿತಂತೆ,
ಕೆಲವರದ್ದು ಜಪ್ಪಯ್ಯ ಅನ್ನಲಿಲ್ಲ.
"ಇರಬಹುದು ಅಂತ ಹಾಕಿ" ಅಂದೆ.
"ಇರಬಹುದನ್ನು ಯಾರು ದುಡ್ಡು ಕೊಟ್ಟು ತಗೊಳ್ತಾರೆ ಮಾರಾಯ್ರೆ?"
ನಾನು, ಅನ್ನಬೇಕೆಂದುಕೊಂಡೆ. ಅನ್ನಲಿಲ್ಲ.

ತಗೊಂಡೆ. ಹಂಪನಕಟ್ಟೆಯ ಅಂಗಡಿಯಲ್ಲಿ,
ನೂರು ಗ್ರಾಂ, ಬಿಲ್ಲಿನ ಸಮೇತ.
ಹುರಿದು, ಒಣಮೆಣಸು, ಕೊಬ್ಬರಿ, ಚೂರು ಹುಳಿ ಸೇರಿಸಿ
ಕುಟ್ಟಿ, ಅಮ್ಮನ ಗಂಜಿಯ ಬದಿಗೆ ಹಾಕಿದೆ.
"ಎಂತದಿದು? ಗೇರುಬೀಜದ ರುಚಿ ಉಂಟು."
ಹೇಳಿದೆ.
ಕೈ ಬಟ್ಟಲಿನಲ್ಲೇ ನಿಂತಿತು.
ಗೋಡೆಯ ಫೋಟೋ ಕಡೆಗೆ ತಿರುಗುತ್ತಾಳೆ ಅಂದುಕೊಂಡೆ,
ತಿರುಗಲಿಲ್ಲ. ಉಗುಳಲೂ ಇಲ್ಲ.
ನಿಧಾನ ಅಗಿದಳು.
"ಸುಡುವಾಗ ಬೀಜ ಪಟಪಟ ಒಡೆದು
ಒಳ್ಳೆ ಪರಿಮಳ ಬರ್ತದೆ,
ಹಸಿವಾಗ್ತದೆ ಅಂತ ಒಮ್ಮೆ ಹೇಳಿದ್ರು.
ನಾನು ಬೈದಿದ್ದೆ."

ಬಟ್ಟಲು ಮುಂದೆ ಸರಿಸಿದಳು.
ಇನ್ನೊಂದು ಚಮಚ ಹಾಕಿದೆ.